ಹ್ಯಾಂಗ್ ಆಗಿಲ್ಲ, ತಾಳೆ ನೋಡ್ಕೊಂತೈತೆ

ಮೊನ್ನೆ ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಿಂದ ಫೋನ್ ಬಂತು, ಕರೆಂಟ್ ಹೋಗಿ ಬಂದ್ಮೇಲೆ ಸಿಸ್ಟಮ್ ಓಪನ್ನೇ ಆಗ್ತಿಲ್ಲ ಬೇಗ ಬನ್ನಿ ಅಂತ. ಹರಾಜು ಮುಗ್ದು ರೈತರೆಲ್ಲ ಲೆಕ್ಕದ ಪಟ್ಟಿಗೆ ಕಾಯ್ತಾ ನಿಂತಿದ್ರು. ಹೋಗಿ ನೋಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ಡಿ ಡ್ರೈವ್ ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್, 11 ಪರ್ಸೆಂಟ್. ಸಾಹುಕಾರ್ರ ಮಗ ಪವರ್ ಬಟನ್ ಮೇಲೆ ಬೆರಳು ಇಟ್ಕೊಂಡೇ ಕೂತವ್ನೆ.

"ಅಣ್ಣ ಹ್ಯಾಂಗ್ ಆಗೋಗೈತೆ, ಒತ್ತಿ ಹಿಡ್ದು ಆಫ್ ಮಾಡ್ಬಿಡ್ಲಾ?"

ನಾನು ಬಾಯಿ ಬಿಡೋಕೆ ಮುಂಚೆನೇ ಮೂಲೇಲಿ ಕೂತಿದ್ದ, ಮಂಡಿ ಲೆಕ್ಕ ಬರೆಯೋ ರೈಟರ್ ತಾತ ಅಂದ್ರು, "ಕೈ ತೆಗಿಯಪ್ಪ. ಹ್ಯಾಂಗ್ ಆಗಿಲ್ಲ ಅದು, ಲೆಕ್ಕ ತಾಳೆ ನೋಡ್ಕೊಂತೈತೆ."

ಆ ಮಾತು ಇನ್ನೂ ತಲೇಲಿ ಓಡ್ತಾನೇ ಐತೆ. ಮೌಸ್ ಹಿಡಿಯೋಕೂ ಬರ್ದಿರೋ ಮನುಷ್ಯ, ಎಷ್ಟು ಕರೆಕ್ಟಾಗಿ ಹೇಳ್ಬಿಟ್ರು! ಅವ್ರ ಕಾಲದಲ್ಲಿ ಬಾಕ್ಸ್ ಎಷ್ಟು, ರೇಟ್ ಎಷ್ಟು ಅಂತ ಮೊದ್ಲು ಕಚ್ಚಾ ಬುಕ್ಕಲ್ಲಿ ಗೀಚಿ ಆಮೇಲೆ ರೈತನ ಖಾತೆಗೆ ಏರಿಸ್ತಿದ್ರು, ಮಧ್ಯ ಎದ್ದು ಹೋಗಿದ್ರೆ ವಾಪಸ್ ಬಂದು ಕಚ್ಚಾ ನೋಡ್ಕೊಂಡು ಯಾವ್ದು ಏರಿದೆ ಯಾವ್ದು ಏರಿಲ್ಲ ಅಂತ ಸರಿ ಮಾಡ್ತಿದ್ರು. ಡ್ರೈವಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆಗಳೂ ಹಂಗೇ: 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಮಾಡೋದೂ ಅದೇ, ಲಿನಕ್ಸ್‌ಗೆ 2001ರಲ್ಲಿ ಬಂದ ಎಕ್ಸ್ಟ್3 ಕೂಡ ಅದೇ ದಾರಿ. ಯಾವ ಫೈಲ್ ಎಲ್ಲಿದೆ ಅನ್ನೋ ವಿವರ ಬದಲಾಗೋಕೆ ಮುಂಚೆ ಒಂದು ಲಾಗಲ್ಲಿ ಬರ್ಕೊಳ್ಳುತ್ತೆ, ಕರೆಂಟ್ ಹೋಗಿ ಬಂದ್ರೆ ಅದನ್ನ ನೋಡಿ ಸರಿ ಮಾಡ್ಕೊಳ್ಳುತ್ತೆ, ಅದು ಕ್ಷಣದ ಕೆಲ್ಸ. ಆದ್ರೂ ಅನುಮಾನ ಉಳಿದ್ರೆ ಇಡೀ ಡ್ರೈವನ್ನ ಚೆಕ್ ಮಾಡೋಕೆ ಕೂರುತ್ತೆ, ಆ 11 ಪರ್ಸೆಂಟ್ ಅದೇ. ಆ ಹೊತ್ತಲ್ಲಿ ಬಟನ್ ಒತ್ತಿದ್ರೆ ರಿಪೇರಿನೂ ಅರ್ಧಕ್ಕೆ ನಿಲ್ಲುತ್ತೆ. (ಡಿಸ್ಕ್ ಒಳಗಿಂದ ಟಕ್ ಟಕ್ ಸೌಂಡ್ ಬರ್ತಿದ್ರೆ ಕಥೆನೇ ಬೇರೆ, ಆಗ ರಿಪೇರಿ ಓಡಿಸ್ದೆ ಮೊದ್ಲು ಕಾಪಿ ತೆಗೀಬೇಕು. ಕಿವಿ ಇಟ್ಟು ಕೇಳ್ದೆ, ಸೌಂಡ್ ನೆಟ್ಟಗೇ ಇತ್ತು.)

ಕಾದ್ವಿ. ಹುಡುಗನ ಬೆರಳು ಮತ್ತೆ ಮತ್ತೆ ಬಟನ್ ಕಡೆ ಹೋಗೋದು, ತಾತ ಕೆಮ್ಮೋದು.

ಕೊನೆಗೆ ಓಪನ್ ಆಯ್ತು. ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಡೇಟಾ ಇತ್ತು, ಕೊನೆ ನಾಲ್ಕೈದು ಎಂಟ್ರಿ ಇರ್ಲಿಲ್ಲ. ಲಾಗ್ ಕಾಪಾಡೋದು ಡ್ರೈವಿನ ವ್ಯವಸ್ಥೆನ, ನೀವು ಆಗ ತಾನೇ ಟೈಪ್ ಮಾಡಿದ್ದನ್ನಲ್ಲ. ಸೇವ್ ಆಯ್ತು ಅಂತ ಸ್ಕ್ರೀನ್ ಹೇಳಿದ್ರೂ ಅದು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರ್ಬಹುದು, ಆಗ ಕರೆಂಟ್ ಹೋದ್ರೆ ಮುಗೀತು. ಚೀಟಿ ಎಲ್ಲ ತಾತನ ಹತ್ರ ಇತ್ತು, ಅದ್ನ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ದಾಯ್ತು.

ನಿಜವಾಗ್ಲೂ ಸತ್ತಿದ್ದು ಬ್ಯಾಕಪ್! ಕರೆಂಟ್ ಹೋದಾಗ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗ್ತಿತ್ತಂತೆ. ಮನೆ ಟಿವಿಗೂ ಹಾಕ್ಬೇಕು ಅಂತ ಹುಡುಗ ಅದನ್ನ ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ವ್ಯವಸ್ಥೆಲಿ ಫಾರ್ಮ್ಯಾಟ್ ಮಾಡಿದ್ದ, ಅದಕ್ಕೆ ಲಾಗೂ ಇಲ್ಲ ಏನೂ ಇಲ್ಲ. ಚೆಕ್ ಡಿಸ್ಕ್ ಓಡಿಸಿದ್ರೆ ಫೌಂಡ್ ಅಂತ ಒಂದು ಫೋಲ್ಡರ್, ಒಳಗೆ ಹೆಸ್ರಿಲ್ಲದ ಸಿಎಚ್‌ಕೆ ಫೈಲ್‌ಗಳು, ಅಂದ್ರೆ ಡಿಸ್ಕಲ್ಲಿ ಸಿಕ್ಕಿದ ಚೂರುಗಳು. "ಇದ್ರಲ್ಲಿ ಮಾರ್ಚ್ ತಿಂಗ್ಳ ಲೆಕ್ಕ ಯಾವ್ದಣ್ಣ?" ಅಂದ. ಪಾಪ, ಒಳ್ಳೆ ಹುಡುಗನೇ, ಆದ್ರೆ ಎಲ್ಲಕ್ಕೂ ಅವಸರ.

ಅವನನ್ನ ಬೈದೇನು ಪ್ರಯೋಜನ, ಅಪ್ಪನ್ನ ನೋಡಿ. ಯುಪಿಎಸ್ ಬ್ಯಾಟರಿ ವೀಕ್ ಆಗಿ ಬೀಪ್ ಬೀಪ್ ಅಂತಿತ್ತಂತೆ, ತಲೆನೋವು ಅಂತ ಅದನ್ನ ತೆಗೆದು ಸಿಪಿಯು ಡೈರೆಕ್ಟಾಗಿ ಗೋಡೆ ಪ್ಲಗ್ಗಿಗೆ! ಮಂಡಿ ಸುತ್ತ ಕ್ಯಾಮೆರಾ ಬೇಕು, ಯಾರಾದ್ರೂ ಒಂದು ಬಾಕ್ಸ್ ಎತ್ಕೊಂಡು ಹೋದ್ರೆ ಗೊತ್ತಾಗ್ಬೇಕು, ಆದ್ರೆ ಇಡೀ ವರ್ಷದ ಬಾಕಿ ಲೆಕ್ಕ ಇರೋ ಪೆಟ್ಟಿಗೆಗೆ ಒಂದು 12 ವೋಲ್ಟ್ ಬ್ಯಾಟರಿ ದುಬಾರಿ. ಇವ್ರೊಬ್ರೇ ಅಲ್ಲ, ನಾನು ಹೋಗೋ ಅಂಗಡಿ ಅರ್ಧಕ್ಕರ್ಧ ಹಿಂಗೇ. ಕಂಪ್ಯೂಟರ್ ಕೆಟ್ಟಿದ್ರೆ ದುಡ್ಡು ಕೊಡ್ತಾರೆ, ಕೆಡದಂಗೆ ನೋಡ್ಕೊಳ್ಳೋಕೆ ಕೊಡಲ್ಲ. ಲೆಕ್ಕ ತಪ್ಪಿದ ದಿನ ಬೈಗುಳ ಬೀಳೋದು ಮಾತ್ರ ತಾತನಿಗೆ, ಯಾಕಂದ್ರೆ ರೈತ ಬಂದು ನಿಲ್ಲೋದು ಅವ್ರ ಮುಂದೆನೇ. ಅವ್ರು ಇವತ್ತಿಗೂ ಚೀಟಿ ಹರಿಯಲ್ಲ, ದಾರಕ್ಕೆ ಪೋಣಿಸಿ ಇಡ್ತಾರೆ. ಅದಕ್ಕೂ ಆ ಹುಡುಗ ನಗ್ತಾನೆ.

ಬ್ಯಾಟರಿಗೆ ಚೌಕಾಸಿ ಮಾಡಿ ಮಾಡಿ ದುಡ್ಡು ಕೊಟ್ರು. ಇನ್ನೊಂದು ಡಿಸ್ಕ್ ತಗೊಳ್ಳಿ, ಎನ್‌ಟಿಎಫ್‌ಎಸ್ ಮಾಡ್ಕೊಡ್ತೀನಿ, ಕಾಪಿ ಆದ್ಮೇಲೆ ಬಿಚ್ಚಿ ಬೀರುವಲ್ಲಿ ಇಡಿ ಅಂದಿದ್ದಕ್ಕೆ, "ಸೀಸನ್ ಮುಗೀಲಿ ನೋಡಣ" ಅಂದ್ರು.