ಅಕ್ಕೋರ ಕನ್ನಡ ಪಿರಿಯಡ್

ಐದರಿಂದ ಏಳನೇ ತರಗತಿವರೆಗೆ ನಮಗೆ ಕನ್ನಡ ಕಲಿಸಿದ್ದು ಒಬ್ಬರೇ ಅಕ್ಕೋರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲೂ ಅಕ್ಕೋರು ಅಂತಲೇ ಬರೆಯುತ್ತೇನೆ. ನಮ್ಮ ಬ್ಯಾಚಿನವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ.

ಅವರ ಪಿರಿಯಡ್ಡಿನಲ್ಲಿ ಪದ್ಯ ಇದ್ದರೆ ಪುಸ್ತಕ ಮುಚ್ಚಿಡಬೇಕು. ಮೊದಲು ಕೇಳಬೇಕು, ಆಮೇಲೆ ಹೇಳಬೇಕು, ಓದೋದು ಕೊನೆಗೆ. ಆರನೇ ತರಗತಿಯಲ್ಲಿ ಕುಮಾರವ್ಯಾಸನ ‘ಶ್ರೀವನಿತೆಯರಸನೆ’ ಹೇಳಿಕೊಟ್ಟರು. ಅದು ನಮ್ಮ ಪಠ್ಯದಲ್ಲಿ ಇರಲಿಲ್ಲ. “ಗದುಗಿನ ಹುಡುಗ್ರು ನೀವು. ವೀರನಾರಾಯಣನ ಗುಡಿ ನೋಡೀರಿ, ಪದ್ಯ ಬರಂಗಿಲ್ಲ ಅಂದ್ರ ಹೆಂಗ?” ಅನ್ನೋದು ಅವರ ವಾದ.

ಅರ್ಥಕ್ಕಿಂತ ಮೊದಲು ಚಪ್ಪಾಳೆ. ಮೂರು, ನಾಲ್ಕು, ಮೂರು, ನಾಲ್ಕು. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೆ ಎರಡು. ‘ಶ್ರೀವ’ ಮೂರು ಮಾತ್ರೆ, ‘ನಿತೆಯರ’ ನಾಲ್ಕು, ‘ಸನೆವಿ’ ಮೂರು, ‘ಮಲರಾ’ ನಾಲ್ಕು. ಸಾಲು ಅಲ್ಲಿಗೆ ಮುಗಿಯಿತು. ‘ರಾಜೀವ’ ಅನ್ನೋ ಪದ ತುಂಡಾಗಿ ‘ಜೀವ’ ಮುಂದಿನ ಸಾಲಿಗೆ ಹೋಯಿತು. ಹಿಂದೆ ಕೂತಿದ್ದವನೊಬ್ಬ ಇದು ತಪ್ಪಲ್ವಾ ಅಂತ ಕೇಳಿದ. ಅಕ್ಕೋರು ಉತ್ತರ ಕೊಡಲಿಲ್ಲ. ಆರೂ ಸಾಲಿನ ಎರಡನೇ ಅಕ್ಷರದ ಕೆಳಗೆ ಗೆರೆ ಎಳೀರಿ ಅಂದರು. ಎಳೆದೆವು. ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಎಲ್ಲ ಕಡೆ ‘ವ’! ಆ ಪ್ರಾಸಕ್ಕಾಗಿಯೇ ಪದ ತುಂಡಾಗಿತ್ತು. ಈ ಛಂದಸ್ಸಿನ, ಅಂದರೆ ಭಾಮಿನಿ ಷಟ್ಪದಿಯ, ಲಕ್ಷಣವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುವ ಹೊತ್ತಿಗೆ ಅದು ನಮಗೆ ಹೊಸದಾಗಿ ಉಳಿದಿರಲಿಲ್ಲ.

ಇದೇ ಕವಿ ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ’ ತನ್ನದು ಅಂತ ಹೇಳಿಕೊಂಡಿದ್ದಾನೆ. ಹಲಗೆ ಬಳಪ ಮುಟ್ಟದೆ ಅಷ್ಟು ದೊಡ್ಡ ಕಾವ್ಯ ಕಟ್ಟಿದವನು. ಹಾಗಾದರೆ ನಮಗ್ಯಾಕೆ ಹೋಮ್‌ವರ್ಕ್ ಅಂತ ಕೇಳಿದೆವು. “ಇಟ್ಟ ಪದ ಅಳಸಂಗಿಲ್ಲ ಅಂತನೂ ಅಂದಾನ. ನಿಮ್ಮ ರಬ್ಬರ್ ಎಲ್ಲಾ ಇಲ್ಲಿ ಕೊಡ್ರಿ” ಅಂದರು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ವ್ಯಾಕರಣವನ್ನೂ ನಮ್ಮ ಬಾಯಿಂದಲೇ ತೆಗೆಯುತ್ತಿದ್ದರು. ಬೋರ್ಡಿನ ಒಂದು ಕಡೆ ‘ಊರಿನಲ್ಲಿ’, ಇನ್ನೊಂದು ಕಡೆ ‘ಊರಾಗ’. ಎರಡೂ ಸಪ್ತಮಿ ವಿಭಕ್ತಿ. ಗೋವಿನ ಹಾಡಿನ ‘ಮಧ್ಯದೊಳಗೆ’ ಇದೆಯಲ್ಲ, ಆ ‘ಒಳಗೆ’ಯೇ ನಮ್ಮ ಕಡೆ ಸವೆದು ‘ಆಗ’ ಆಗಿದೆ ಅಂತ ತೋರಿಸಿದರು. ಪರೀಕ್ಷೆಯಲ್ಲಿ ಮಾತ್ರ ‘ಊರಿನಲ್ಲಿ’ ಅಂತಲೇ ಬರೆಯಬೇಕು. ನಮ್ಮ ಮಾತು ಕೆಟ್ಟ ಕನ್ನಡ ಅಂತ ಆಮೇಲೆ ಬೇರೆ ಊರುಗಳಲ್ಲಿ ಎಷ್ಟೋ ಜನ ನಕ್ಕರು. ನನಗೇನೂ ಅನ್ನಿಸಲಿಲ್ಲ.

ಮುಳಗುಂದದ ಕವಿ ನಯಸೇನನ ಬಗ್ಗೆಯೂ ಅವರೇ ಹೇಳಿದ್ದು. ಕನ್ನಡದಲ್ಲಿ ಸುಮ್ಮನೆ ಸಂಸ್ಕೃತ ತುರುಕೋದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ 900 ವರ್ಷದ ಹಿಂದೆಯೇ ಗೊಣಗಿದವನು. ಪ್ರಬಂಧದಲ್ಲಿ ಯಾರಾದರೂ ಗೈಡಿನಿಂದ ದೊಡ್ಡ ದೊಡ್ಡ ಪದ ಎತ್ತಿ ಹಾಕಿದರೆ ಅಕ್ಕೋರು ಮಾರ್ಜಿನ್ನಿನಲ್ಲಿ ‘ಎಣ್ಣೆ’ ಅಂತ ಬರೆಯುತ್ತಿದ್ದರು. ದಿನಾ ಒಂದು ಪುಟ ಶುದ್ಧ ಬರಹ ಮಾತ್ರ ನನಗೆ ಈಗಲೂ ದಂಡ ಅನ್ನಿಸುತ್ತದೆ. ಕೈ ನೋವು ಬಂತೇ ಹೊರತು ಅಕ್ಷರ ದುಂಡಗಾಗಲಿಲ್ಲ.

ಏಳನೇ ತರಗತಿಯಲ್ಲಿ ಮನೆಮನೆಯಿಂದ ಒಗಟು, ಒಡಪು, ಬೀಸುವ ಪದ ಬರೆದುಕೊಂಡು ಬರೋ ಕೆಲಸ. ನಮ್ಮಜ್ಜಿ ಮೊದಲು ನಾಚಿದಳು, ಆಮೇಲೆ ನಿಲ್ಲಿಸಲೇ ಇಲ್ಲ. ತಂದ ತ್ರಿಪದಿಗಳಿಗೆ ನಾವು ಜಂಬದಿಂದ ಚಪ್ಪಾಳೆ ಹಾಕಿ ಮಾತ್ರೆ ಎಣಿಸಿದೆವು. ಲೆಕ್ಕ ಕೂಡಲಿಲ್ಲ. ಒಂದು ಸಾಲು ಜಾಸ್ತಿ, ಒಂದು ಕಡಿಮೆ. ಅಜ್ಜಿ ತಪ್ಪು ಹೇಳಿರಬೇಕು ಅಂತ ನಾವು ತೀರ್ಮಾನ ಮಾಡಿದೆವು. “ಹೇಳ್ಸಬ್ಯಾಡ್ರಿ, ಹಾಡ್ಸ್ರಿ” ಅಂದರು ಅಕ್ಕೋರು. ಹಾಡಿಸಿದಾಗ ಗೊತ್ತಾಯಿತು. ಅಜ್ಜಿ ಒಂದು ಕಡೆ ಎಳೆಯುತ್ತಾಳೆ, ಇನ್ನೊಂದು ಕಡೆ ಒತ್ತುತ್ತಾಳೆ, ಎಲ್ಲ ಸರಿಯಾಗಿ ಕೂರುತ್ತದೆ. ಅದು ಅಂಶ ಛಂದಸ್ಸು, ಮಾತ್ರೆ ಎಣಿಸಿದರೆ ಸಿಗೋದಲ್ಲ. ಈ ಮಾತು ಪರೀಕ್ಷೆಗೆ ಎಂದೂ ಬರಲಿಲ್ಲ. ನನಗೆ ನೆನಪಿರೋದು ಇದೇ ಜಾಸ್ತಿ.

ಆ ಪದಗಳನ್ನೆಲ್ಲ ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿಗೆ ಏರಿಸಿದ್ದೆವು. ಯಾರೋ ಬೇಸಿಗೆ ರಜೆಗೆ ಮನೆಗೆ ಒಯ್ದವರು ವಾಪಸ್ ತರಲಿಲ್ಲವಂತೆ. ಹಾಡಿದ ಅಜ್ಜಿಯರಲ್ಲಿ ಈಗ ಹೆಚ್ಚಿನವರು ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಅದು ಸಿಕ್ಕರೆ ದಯವಿಟ್ಟು ಶಾಲೆಗೆ ತಂದು ಕೊಡಿ. ಟೈಪ್ ಮಾಡಿಸೋ ಖರ್ಚು ನನ್ನದು.