ದೀಕ್ಷಾಸ್ನಾನ ಆದವರು ಯಾಕೆ ನಿಲ್ಲುವುದಿಲ್ಲ?

ಪುಣೆ, ಪಿಂಪ್ರಿ-ಚಿಂಚವಾಡದ ಕನ್ನಡ ಕ್ರೈಸ್ತ ಸಭೆಗಳ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೊಸಬರಿಗೆ ಕ್ಲಾಸ್ ನಡೆಸುತ್ತೇವೆ, ದೀಕ್ಷಾಸ್ನಾನವೂ (ಬ್ಯಾಪ್ಟಿಸಂ) ಆಗುತ್ತದೆ. ವರ್ಷದೊಳಗೆ ಕಾಣೆಯಾಗುತ್ತಾರೆ. ಎಲ್ಲಿ ತಪ್ಪುತ್ತಿದೆ?"

ಕ್ಲಾಸ್ ಬೇಕು, ಆದರೆ ಸಾಲದು. ಉಪಾಧ್ಯಾಯರು ಎಷ್ಟೋ ಮಂದಿ ಇದ್ದರೂ ತಂದೆಗಳು ಬಹಳ ಮಂದಿ ಇಲ್ಲವೆಂದು ಪೌಲನು ಕೊರಿಂಥದವರಿಗೆ ಬರೆದ (1 ಕೊರಿಂಥ 4:15). ಪಾಸ್ಟರ್ ಒಬ್ಬರೇ ಎಲ್ಲರಿಗೂ ತಂದೆಯಾಗಲಾರರು. ಒಬ್ಬ ಹಿರಿಯ ವಿಶ್ವಾಸಿಗೆ ಇಬ್ಬರು ಹೊಸಬರನ್ನು, ಹೆಚ್ಚೆಂದರೆ ಮೂವರನ್ನು ಒಪ್ಪಿಸಿ; ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು.

ವಾರಕ್ಕೊಮ್ಮೆ ಒಂದು ತಾಸು ಸಾಕು. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳು ವಾರಕ್ಕೆರಡರಂತೆ ಎರಡು ತಿಂಗಳಲ್ಲಿ ಮುಗಿಯುತ್ತವೆ. ಕಟ್ಟಡ ಕೆಲಸದವರಿಗೆ, ಸೆಕ್ಯುರಿಟಿ ಡ್ಯೂಟಿಯವರಿಗೆ ಭಾನುವಾರ ಸೂಟಿ ಸಿಗದು. ಸಿಕ್ಕ ದಿನ ನೀವೇ ಅವರ ಖೋಲಿಗೆ ಹೋಗಿ. ಅಪ್ಪನಿಗೆ ಓದು ಬರುವುದಿಲ್ಲ, ಮರಾಠಿ ಶಾಲೆಯ ಮಗಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ ಎಂಬ ಮನೆಗಳಿವೆ. ಅಪ್ಪನಿಗೆ ಮೊಬೈಲಿನಲ್ಲಿ ಕನ್ನಡ ಆಡಿಯೋ ಸತ್ಯವೇದ, ಮಗಳಿಗೆ ಮರಾಠಿ ಬೈಬಲ್, ಇಬ್ಬರಿಗೂ ಅದೇ ಅಧ್ಯಾಯ. ಹತ್ತು ವಚನ ಕೇಳಿಸಿ ನಿಲ್ಲಿಸಿ, "ಈಗ ನೀವು ಹೇಳ್ರಿ" ಅನ್ನಿ. ಅವರ ಬಾಯಿಂದ ಬಾರದ್ದು ಇನ್ನೂ ಒಳಗೆ ಇಳಿದಿಲ್ಲ.

ತಪ್ಪು ಕಂಡರೆ ಸಭೆಯ ಮುಂದೆ ತಿದ್ದಬೇಡಿ. ಬೋಧಕ ಅಪೊಲ್ಲೋಸನ ತಿಳಿವಳಿಕೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಅವನನ್ನು ತಮ್ಮ ಬಳಿಗೆ ಕರೆದುಕೊಂಡೇ ತಿಳಿಸಿದರು.

ಚೆನ್ನಾಗಿ ಸಾಕ್ಷಿ ಹೇಳುತ್ತಾನೆಂದು ಮೂರನೇ ತಿಂಗಳಿಗೇ ಮೈಕ್ ಕೊಟ್ಟು, ಆರನೇ ತಿಂಗಳಿಗೆ ಕಮಿಟಿಗೆ ಸೇರಿಸುವುದು ದೊಡ್ಡ ಅನ್ಯಾಯ. ಹೊಸಬನು ಉಬ್ಬಿ ಬಿದ್ದಾನೆಂಬ ಎಚ್ಚರಿಕೆ 1 ತಿಮೊಥೆಯ 3:6ರಲ್ಲೇ ಇದೆ. ಸಾಲವನ್ನೂ ಕೈಯಿಂದ ಕೊಡಬೇಡಿ. ತೀರಿಸಲಾಗದವರು ನಾಚಿಕೆಯಿಂದ ಸಭೆಯನ್ನೇ ಬಿಡುತ್ತಾರೆ. ಕಷ್ಟವಿದ್ದರೆ ಸಭೆಯ ನಿಧಿಯಿಂದ ಸಹಾಯವಾಗಲಿ. ಕೆಲಸ, ಮದುವೆ, ಮನೆ ಎಲ್ಲವನ್ನೂ ನಿಮ್ಮನ್ನು ಕೇಳಿಯೇ ನಿರ್ಧರಿಸುವಂತಾದರೆ ಅದು ಪಾಲನೆಯಲ್ಲ, ಯಜಮಾನಿಕೆ.

ಆದರೆ ಹೆಚ್ಚು ಜನ ಕಳೆದುಹೋಗುವುದು ಊರಿನ ಜಾತ್ರೆಗೆ ಹೋದಾಗ. ಕಲಬುರಗಿ, ವಿಜಯಪುರದ ಬಸ್ ಹತ್ತುವ ಮುಂಚೆಯೇ ಕೂತು ಮಾತಾಡಿ: ಅವ್ವ ಪ್ರಸಾದ ಕೊಟ್ಟರೆ ಏನು ಹೇಳುತ್ತೀರಿ? ಪಲ್ಲಕ್ಕಿಗೆ ಹೆಗಲು ಕೊಡು ಅಂದರೆ? ಉತ್ತರ ಮೆತ್ತಗಿರಲಿ, ದೇವರುಗಳನ್ನು ಬೈಯುವ ಮಾತು ಬೇಡವೇ ಬೇಡ. ಹೊಲದ ಕೆಲಸ, ಅಪ್ಪನ ಔಷಧ, ತಂಗಿಯ ಫೀ ಮೊದಲಿಗಿಂತ ಹೆಚ್ಚು ನೋಡಿಕೊಳ್ಳಲಿ. ಅಲ್ಲಿರುವಷ್ಟು ದಿನವೂ ರಾತ್ರಿ ಒಂದು ಫೋನ್ ಮಾಡಿ.

ವರ್ಷ ತುಂಬುವ ಹೊತ್ತಿಗೆ ವಾರದ ಭೇಟಿಯನ್ನು ತಿಂಗಳಿಗೊಮ್ಮೆಗೆ ಇಳಿಸಿ. ಮುಂದಿನ ಹೊಸಬರ ಖೋಲಿಗೆ ಹೋಗುವಾಗ ಇವರನ್ನೂ ಕರೆದುಕೊಂಡು ಹೋಗಿ, ಮಾತು ಅವರೇ ಶುರು ಮಾಡಲಿ.