ಆರು ಪದರಕ್ಕೆ ಬಂದೆ: ನನ್ನ ಎಫ್‌ಪಿಜಿಎ ಬೋರ್ಡಿನ ಎರಡನೇ ಸುತ್ತು

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಕೋಡ್ ಬರೆದು ರೂಪಿಸಬಹುದಾದ ಚಿಪ್. ಅದಕ್ಕೆಂದು ನಾನು ಮಾಡಿದ ಮೊದಲ ಬೋರ್ಡಿನಲ್ಲಿ ಈಥರ್ನೆಟ್ 100 ಮೆಗಾಬಿಟ್‌ಗೆ ಚೆನ್ನಾಗಿ ಓಡುತ್ತಿತ್ತು. ಗಿಗಾಬಿಟ್‌ಗೆ ಹಾಕಿದರೆ ಪ್ಯಾಕೆಟ್‌ಗಳು ಕೆಡುತ್ತಿದ್ದವು. ಆರ್‌ಜಿಎಂಐಐ (ಈಥರ್ನೆಟ್ ಚಿಪ್ಪಿಗೆ ಡೇಟಾ ಹೋಗಿಬರುವ ಸಂಪರ್ಕ) ಕ್ಲಾಕ್ ಆಗ 25ರಿಂದ 125 ಮೆಗಾಹರ್ಟ್ಜ್‌ಗೆ ಏರುತ್ತದೆ, ಡೇಟಾ ಕ್ಲಾಕಿನ ಎರಡೂ ಅಂಚಿಗೆ ಬರುತ್ತದೆ. ಎರಡು ವಾರ ಸುಮ್ನೆ ಕೋಡಿನಲ್ಲೇ ತಪ್ಪು ಹುಡುಕಿದೆ.

ತಪ್ಪು ಲೇಔಟ್‌ನಲ್ಲಿತ್ತು. ಬೋರ್ಡಿನಲ್ಲಿ ತಾಮ್ರದ ನಾಲ್ಕು ಪದರ: ಸಿಗ್ನಲ್, ಗ್ರೌಂಡ್, ಪವರ್, ಸಿಗ್ನಲ್. ಈಥರ್ನೆಟ್ ಟ್ರೇಸ್‌ಗಳು, ಅಂದರೆ ತಾಮ್ರದ ಗೆರೆಗಳು, ತಳದ ಪದರದಲ್ಲಿದ್ದವು. ಅವುಗಳ ಪಕ್ಕದ ಪವರ್ ಪ್ಲೇನ್ (ಪದರದ ತುಂಬ ಹರಡಿದ ತಾಮ್ರ) 3.3 ಮತ್ತು 1.8 ವೋಲ್ಟ್ ಎಂದು ಎರಡು ತುಂಡಾಗಿತ್ತು. ಟ್ರೇಸ್‌ಗಳು ಆ ಬಿರುಕನ್ನು ದಾಟಿದ್ದವು. ಹೋದ ಕರೆಂಟ್ ವಾಪಸ್ ಬರಲೇಬೇಕು, ಅಲ್ವಾ? ವೇಗದ ಸಿಗ್ನಲ್‌ನಲ್ಲಿ ಅದು ಟ್ರೇಸಿಗೆ ಅಂಟಿಕೊಂಡಂತೆ ಪಕ್ಕದ ಪ್ಲೇನಿನಲ್ಲೇ ಬರುತ್ತದೆ. ಬಿರುಕು ಸಿಕ್ಕರೆ ದೂರ ಸುತ್ತಬೇಕು. ಬಿರುಕಿನ ಆಚೀಚೆ ಸೇರುವಂತೆ 100 ನ್ಯಾನೋಫ್ಯಾರಡ್ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿದೆ. ತಪ್ಪುಗಳು ಕಡಿಮೆಯಾದವು, ನಿಲ್ಲಲಿಲ್ಲ.

ಈ ಸಲ ಡಿಡಿಆರ್3 ಮೆಮೊರಿಯೂ ಬೇಕು. ಹಳೆಯ ಬೋರ್ಡಿನಲ್ಲಿ ಹೊರಗಿನ ಪ್ರಿಪ್ರೆಗ್ (ತಾಮ್ರದ ಪದರಗಳನ್ನು ಅಂಟಿಸುವ ನಿರೋಧಕ ಹಾಳೆ) 7628 ಎಂಬ ಬಗೆಯದು, ದಪ್ಪ 0.21 ಮಿ.ಮೀ. ಅದರ ಮೇಲೆ ವೇಗದ ಸಿಗ್ನಲ್‌ಗೆ ಬೇಕಾದ 50 ಓಮ್ ಇಂಪೆಡೆನ್ಸ್ ಬರಬೇಕಾದರೆ ಟ್ರೇಸ್ ಸುಮಾರು 0.35 ಮಿ.ಮೀ. ಅಗಲ ಇರಬೇಕು. ಮೆಮೊರಿ ಚಿಪ್ಪಿನ ತಳದ ಬೆಸುಗೆ ಬಾಲ್‌ಗಳ ನಡುವೆ 0.8 ಮಿ.ಮೀ. ಅಂತರ, ಪ್ಯಾಡ್ ಕಳೆದರೆ ಉಳಿಯುವುದು 0.4. ಎರಡೂ ಪಕ್ಕ ಬಿಡಬೇಕಾದ ಜಾಗ ಸೇರಿದರೆ ಅಷ್ಟು ಅಗಲದ ಟ್ರೇಸ್ ಅಲ್ಲಿ ತೂರುವುದೇ ಇಲ್ಲ. 2116 ಪ್ರಿಪ್ರೆಗ್ ಹಾಕಿದರೆ ದಪ್ಪ ಸುಮಾರು 0.11, ಟ್ರೇಸ್ ಸುಮಾರು 0.17. ಆರಾಮಾಗಿ ಹೋಗುತ್ತದೆ.

ಆರು ಪದರಕ್ಕೆ ಮೊದಲು ಬರೆದುಕೊಂಡದ್ದು ಇದು: ಸಿಗ್ನಲ್, ಗ್ರೌಂಡ್, ಸಿಗ್ನಲ್, ಪವರ್, ಗ್ರೌಂಡ್, ಸಿಗ್ನಲ್. ಮೂರು ಸಿಗ್ನಲ್ ಪದರ ಸಿಕ್ಕಿತು ಎಂದು ಖುಷಿಪಟ್ಟೆ. ಆಮೇಲೆ ದಪ್ಪದ ಪಟ್ಟಿ ನೋಡಿದೆ. ಎರಡನೇ ಮತ್ತು ಮೂರನೇ ಪದರದ ನಡುವೆ 0.55 ಮಿ.ಮೀ. ಕೋರ್ (ಗಟ್ಟಿ ನಿರೋಧಕ ಹಲಗೆ). ಮೂರು ಮತ್ತು ನಾಲ್ಕರ ನಡುವೆ ಬರೀ 0.11. ಅಂದರೆ ಮೂರನೇ ಪದರದ ಸಿಗ್ನಲ್‌ಗೆ ಹತ್ತಿರದ ಪ್ಲೇನ್ ಮತ್ತೆ ತುಂಡಾದ ಪವರೇ! ಪದರದ ಹೆಸರಿಗಿಂತ ಅಂತರ ಮುಖ್ಯ ಎಂದು ಅಲ್ಲಿ ಅರ್ಥವಾಯಿತು.

ಈಗಿನ ನಿರ್ಧಾರ: ವೇಗದ ಟ್ರೇಸ್‌ಗಳೆಲ್ಲ ಒಂದು ಮತ್ತು ಆರರಲ್ಲಿ ಮಾತ್ರ. ಎರಡು ಮತ್ತು ಐದು ಒಂದೂ ಸೀಳಿಲ್ಲದ ಗ್ರೌಂಡ್. ಮೂರು ಪವರ್. ನಾಲ್ಕರಲ್ಲಿ ಗ್ರೌಂಡ್ ತುಂಬಿ, ಎಲ್ಇಡಿ, ಐ2ಸಿ ಥರದ ನಿಧಾನದ ಗೆರೆಗಳಷ್ಟೇ. ಮೂರು ಮತ್ತು ನಾಲ್ಕು ಹತ್ತಿರ ಇರುವುದರಿಂದ ಚದರ ಸೆಂ.ಮೀ.ಗೆ ಸುಮಾರು 34 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಹಾಗೇ ಸಿಗುತ್ತದೆ. ಮೇಲಿಂದ ಎಣಿಸಿದರೂ ಕೆಳಗಿಂದ ಎಣಿಸಿದರೂ ದಪ್ಪಗಳು ಒಂದೇ. ತಾಮ್ರವೂ ಹೆಚ್ಚುಕಡಿಮೆ ಸಮ. ಹಾಗಾಗಿ ಬೋರ್ಡು ಬಾಗುವ ಭಯ ಕಡಿಮೆ.

ಡಿಡಿಆರ್3 ಗೆರೆಗಳನ್ನು ಎರಡೇ ಪದರದಲ್ಲಿ ಮುಗಿಸುವುದು ಕಷ್ಟದ ಕೆಲಸ. ಡೇಟಾ ಮೇಲೆ, ವಿಳಾಸದ ಗೆರೆಗಳು ಕೆಳಗೆ. ಮೇಲಿಂದ ಕೆಳಕ್ಕೆ ಇಳಿಯುವ ಪ್ರತಿ ವಯಾ (ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ರಂಧ್ರ) ಪಕ್ಕದಲ್ಲಿ ಒಂದು ಗ್ರೌಂಡ್ ವಯಾ ಇಡುತ್ತಿದ್ದೇನೆ, ವಾಪಸ್ ಬರುವ ಕರೆಂಟೂ ಅಲ್ಲೇ ಪದರ ಬದಲಿಸಲಿ ಎಂದು. ಹದಿನಾರು ಡೇಟಾ ಗೆರೆಗಳಲ್ಲಿ ಹನ್ನೊಂದು ಆಗಿವೆ. ಉಳಿದ ಐದಕ್ಕೆ ಎಫ್‌ಪಿಜಿಎ ಪಿನ್‌ಗಳನ್ನು ಅದೇ ಬೈಟ್ ಗುಂಪಿನೊಳಗೆ (ಎಂಟು ಡೇಟಾ ಗೆರೆಗಳ ಗುಂಪು) ಅದಲುಬದಲು ಮಾಡಬೇಕು. ಭಾನುವಾರ ಅದನ್ನೇ ಹಿಡಿದು ಕೂರುತ್ತೇನೆ.